ಚಿಲ್ಲರೆ ಕೆಲಸ

ಚಿಲ್ಲರೆ ಕೆಲಸವೆಂದರೆ ಮೂಗು ಮುರಿಯುವವರನ್ನು ನಾನು ಬಲ್ಲೆ. ಅವರಿಗೆಲ್ಲ ತಿಂಗಳ ಮೊದಲ ವಾರದಲ್ಲಿ ತಪ್ಪದೆ ಸಂಬಳ ಬರುತ್ತದೆ. ನನಗೆ ಆ ಸೌಕರ್ಯವಿಲ್ಲದುದರಿಂದ ಮೂಗನ್ನು ಇದ್ದ ಹಾಗೆಯೇ ಇಟ್ಟುಕೊಂಡಿದ್ದೇನೆ. ಕನ್ನಡದಲ್ಲಿ ಎಂ.ಎ. ಮಾಡಿ, ನಲವತ್ತು ದಾಟಿಯೂ, ಒಂದು ಕಾಲೇಜಿನಲ್ಲಿ 'ಅತಿಥಿ ಉಪನ್ಯಾಸಕ'ನಾಗಿರುವವನು ನಾನು. ತಿಥಿಯ ಗೊತ್ತಿಲ್ಲದೆ ಬರುವವನೇ ಅತಿಥಿ ಎಂದು ಪಂಡಿತರು ಆ ಶಬ್ದವನ್ನು ಬಿಡಿಸಿ ಹೇಳುತ್ತಾರೆ. ನಮ್ಮ ವಿಷಯದಲ್ಲಿ ಬರುವ ತಿಥಿಯೂ ಗೊತ್ತು, ಹೋಗುವ ತಿಥಿಯೂ ಗೊತ್ತು. ಸೆಮಿಸ್ಟರಿನ ಕೊನೆಯ ಪಾಠದೊಡನೆ ಆತಿಥ್ಯ ಮುಗಿಯಿತು. ರಜೆಯ ದಿನಗಳಿಗೆ ಸಂಬಳವಿಲ್ಲ. ಎಂ.ಎ. ಆದಮೇಲೆ ಬರೆಯಬೇಕಾಗಿದ್ದ ಪರೀಕ್ಷೆಗಳನ್ನು ಬರೆಯುವ ವಯಸ್ಸಿನಲ್ಲಿ ಬರೆಯದೆ ಪದ್ಯ ಬರೆಯುತ್ತ ಕುಳಿತದ್ದು ನನ್ನ ತಪ್ಪೇ. ಅದಕ್ಕೆ ಬೇರೆಯವರನ್ನು ದೂರಿ ಫಲವಿಲ್ಲ.

ಹೀಗಾಗಿ ದೊಮ್ಮಲೂರಿನ ನಮ್ಮ ಬೀದಿಯಲ್ಲಿ ಕೊಳಾಯಿ ಕೆಟ್ಟರೆ ಕೊಳಾಯಿಯವನನ್ನು ಕರೆಯುವಂತೆ ಕನ್ನಡ ಕೆಟ್ಟರೆ ನನ್ನನ್ನು ಕರೆಯುತ್ತಾರೆ. ಲಗ್ನಪತ್ರಿಕೆಯ ಒಕ್ಕಣೆ, ವೈಕುಂಠ ಸಮಾರಾಧನೆಯ ಕಾರ್ಡು, ನಿವೃತ್ತರೊಬ್ಬರ ಆತ್ಮಕಥೆಯ ಕರಡು ತಿದ್ದುವುದು, ಹತ್ತಿರದ ಬಹುಮಹಡಿ ಕಟ್ಟಡವೊಂದರಲ್ಲಿ ಸಾಫ್ಟ್‌ವೇರ್ ಕಂಪನಿಗಳ ಹುಡುಗ ಹುಡುಗಿಯರಿಗೆ ವಾರಕ್ಕೆರಡು ಸಂಜೆ ಆಡುಮಾತಿನ ಕನ್ನಡ ಹೇಳಿಕೊಡುವುದು, ಹೀಗೆ ನೂರು ಇನ್ನೂರರ ಕೆಲಸಗಳು.

ಇವುಗಳಲ್ಲೆಲ್ಲ ನನಗೆ ಹೆಚ್ಚು ಪ್ರಿಯವಾದದ್ದು ನಾಮಫಲಕದ ಕೆಲಸ. 2024ರ ಫೆಬ್ರವರಿಯಲ್ಲಿ, ಅಂಗಡಿ ಮುಂಗಟ್ಟುಗಳ ಫಲಕದಲ್ಲಿ ನೂರಕ್ಕೆ ಅರವತ್ತು ಭಾಗ ಕನ್ನಡವಿರಬೇಕೆಂದು ನಮ್ಮ ವಿಧಾನಮಂಡಲ ಕಾನೂನಿಗೆ ತಿದ್ದುಪಡಿ ತಂದಿತಷ್ಟೆ. ಆಗ ಇಂದಿರಾನಗರದ ನೂರಡಿ ರಸ್ತೆಯ ಉದ್ದಕ್ಕೂ ಏಣಿಗಳು ನಿಂತುವು. ಹಲಸೂರಿನಲ್ಲಿ ಬೋರ್ಡು ಮಾಡಿಸಿಕೊಡುವ ಅಂಗಡಿಯವರೊಬ್ಬರು, ಮನೆಮಾತು ತಮಿಳಾದರೂ ಕನ್ನಡವನ್ನು ನಮ್ಮಷ್ಟೇ ಚೆನ್ನಾಗಿ ಆಡುವವರು, ನನ್ನನ್ನು ಹುಡುಕಿಕೊಂಡು ಬಂದರು. "ಸಾರ್, ಮಾತಾಡೋಕೆ ಬರುತ್ತೆ, ಬರಿಯೋಕೆ ಹೋದ್ರೆ ಒತ್ತು ಎಲ್ಲಿ ಅಂತ ಗೊತ್ತಾಗಲ್ಲ. ಕಂಪ್ಯೂಟರ್ ಏನು ಕೊಡುತ್ತೋ ಅದನ್ನೇ ಹಾಕಿಬಿಡ್ತೀವಿ. ನೀವು ಒಂದ್ಸಲ ನೋಡಿಬಿಟ್ರೆ ಬೋರ್ಡಿಗೆ ಐವತ್ತು" ಎಂದರು. ಒಪ್ಪಿಕೊಂಡೆ. ಮೊದಲನೆಯ ದಿನವೇ 'ಬಾಲೆ ಎಲೆ ಊಟ' ಎಂಬ ಫಲಕವನ್ನು ತಡೆದು ಒಂದು ಹೋಟೆಲಿನ ಮಾನ ಉಳಿಸಿದೆ. ಎರಡನೆಯ ದಿನ 'ಹಳೆಯ ಚಿನ್ನವನ್ನು ಕೊಲ್ಲಲಾಗುವುದು' ಎಂಬುದು ಬಂತು. ಲಕಾರ ಳಕಾರಗಳ ಭೇದವನ್ನು ತರಗತಿಯಲ್ಲಿ ಇಪ್ಪತ್ತು ವರ್ಷ ಬೋಧಿಸಿದ್ದಕ್ಕಿಂತ ಆ ಒಂದು ವಾರದಲ್ಲಿ ಕನ್ನಡಕ್ಕೆ ಹೆಚ್ಚು ಉಪಕಾರ ಮಾಡಿದೆನೆಂದು ನನ್ನ ನಂಬಿಕೆ. ಕೂಲಿಯೂ ಕೈಗೆ ಕೈ ಸಿಕ್ಕಿತು.

ಇನ್ನು ನವೆಂಬರ್ ಬಂತೆಂದರೆ ಬಿನ್ನವತ್ತಳೆಗಳ ಸುಗ್ಗಿ. ಒಂದೊಂದು ವೃತ್ತಕ್ಕೂ ಒಂದೊಂದು ಸಂಘ, ಒಂದೊಂದು ಸಂಘಕ್ಕೂ ಐದಾರು ಮಂದಿ ಸನ್ಮಾನಿತರು. ಹೋದ ವರ್ಷದ ಒಕ್ಕಣೆಯನ್ನೇ ಇಟ್ಟು ಹೆಸರು ಮಾತ್ರ ಬದಲಾಯಿಸಿಕೊಡಿ ಎಂದು ಕಾರ್ಯದರ್ಶಿಗಳು ಕೇಳುವುದುಂಟು. ಹಾಗೆ ಮಾಡಿಕೊಡುವುದಕ್ಕೆ ಅರ್ಧ ದರ.

ಇಷ್ಟೆಲ್ಲ ಹೇಳಿದ್ದು ಕೊರಗುವುದಕ್ಕಲ್ಲ. ಈ ಕೆಲಸಗಳ ನಡುವೆ ನನ್ನದೇ ಆದ ಒಂದು ಕೆಲಸ ಕಾದು ಕುಳಿತಿತ್ತು. ಅದರ ಸುದ್ದಿ ಹೇಳಬೇಕಾಗಿದೆ.

ನಮ್ಮ ಅಡಿಗೆಮನೆಯ ಬಾಗಿಲ ಹಿಂದೆ ಒಂದು ಮೊಳೆ. ಆ ಮೊಳೆಗೆ ದಾರ ಕಟ್ಟಿ ತೂಗುಹಾಕಿದ ಒಂದು ನೋಟುಪುಸ್ತಕ. ನನ್ನಾಕೆ ಅದಕ್ಕೆ 'ಪಂಚವಾರ್ಷಿಕ ಯೋಜನೆ' ಎಂದು ಹೆಸರಿಟ್ಟಿದ್ದಾಳೆ. ಪ್ರತಿ ಜನವರಿಯಲ್ಲೂ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನವರು ಚಿತ್ರಸಂತೆ ನಡೆಸುತ್ತಾರೆ, 2003ರಲ್ಲಿ ಆರಂಭವಾದದ್ದು. ಬೀದಿಯ ಎರಡು ಬದಿಗೂ ಚಿತ್ರ ತೂಗುಹಾಕಿಕೊಂಡು ಕಲಾವಿದರು ನಿಂತಿರುತ್ತಾರೆ. ದೊಡ್ಡ ಕ್ಯಾನ್‌ವಾಸಿನ ಪಕ್ಕದಲ್ಲೇ ಐವತ್ತು ರೂಪಾಯಿಯ ಕಾರ್ಡೂ ಇರುತ್ತದೆ. ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬರುವ ನನಗೆ ಒಂದು ವರ್ಷ, ಹಿಂತಿರುಗುವಾಗ ಬಸ್ಸಿನಲ್ಲಿ ಹೊಳೆಯಿತು: ನನ್ನ ಹತ್ತಿರವೂ ಒಂದು ಸಾಮಗ್ರಿ ಇದೆ, ಅದು ಅಕ್ಷರ. ಶಾಸನಗಳ ಹಳೆಯ ಲಿಪಿಯನ್ನು ಅಚ್ಚು ಕೊರೆದು ಬಟ್ಟೆಯ ಚೀಲಗಳ ಮೇಲೆ, ಕಾಗದದ ಮೇಲೆ ಒತ್ತಿ ಮಾರಬಾರದೇಕೆ? ಮನೆಗೆ ಬಂದವನೇ ನೋಟುಪುಸ್ತಕ ತೆಗೆದೆ. ಹನ್ನೆರಡು ತಿಂಗಳ ಗೋಡೆಪಂಚಾಂಗ, ತಿಂಗಳಿಗೊಂದು ಶತಮಾನದ 'ಕ'ಕಾರ. ಜನವರಿಗೆ ಹಲ್ಮಿಡಿಯದು, ಡಿಸೆಂಬರಿಗೆ ಅಚ್ಚಿನ ಮೊಳೆಯದು. ಪುಸ್ತಕದ ನಡುವೆ ಇಡುವ ಪಟ್ಟಿ. ಚೀಲ. ಲೆಕ್ಕ, ಲಾಭ, ಎರಡನೆಯ ವರ್ಷದ ವಿಸ್ತರಣೆ. ಹೀಗೆ ಆರು ವರ್ಷ ಬರೆದೆ. ಒಂದು ಚೀಲವನ್ನೂ ಮಾಡಲಿಲ್ಲ.

ಏಕೆಂದರೆ ಬೋರ್ಡಿನವರು ಬಾಗಿಲಲ್ಲಿ ನಿಂತು ಕಾಯುತ್ತಾರೆ. ಲಗ್ನಪತ್ರಿಕೆಯವರಿಗೆ ಮುಹೂರ್ತ ಮೀರುತ್ತದೆ. ನನ್ನ ಚೀಲಕ್ಕಾಗಿ ಕಾಯುವವರು ಈ ಪ್ರಪಂಚದಲ್ಲಿ ಒಬ್ಬರೂ ಇರಲಿಲ್ಲ. ಯೋಜನೆಗೆ ಬಂಡವಾಳವೂ ಬೇಡ, ನಷ್ಟವೂ ಇಲ್ಲ; ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಅದನ್ನು ತಿರುವಿಹಾಕಿದರೆ ಒಳ್ಳೆಯ ನಿದ್ದೆ ಬರುತ್ತದೆ. ಅದನ್ನು ಕಾರ್ಯಕ್ಕಿಳಿಸಿ ಕೆಡಿಸುವುದೇಕೆ?

ಕೆಡಿಸಿದವಳು ನನ್ನಾಕೆ. 2024ರ ಬೇಸಗೆ. ಮಗಳು ಹತ್ತನೆಯ ತರಗತಿ ಮುಗಿಸಿ ಪಿ.ಯು.ಸಿ.ಗೆ ಸೇರಬೇಕು, ನನಗೆ ರಜೆ, ಎಂದರೆ ಸಂಬಳವಿಲ್ಲ, ಬೋರ್ಡುಗಳ ಭರಾಟೆಯೂ ಇಳಿದಿತ್ತು. ಒಂದು ಸಂಜೆ ಅವಳು ನೋಟುಪುಸ್ತಕವನ್ನು ಮೊಳೆಯಿಂದ ಇಳಿಸಿ ನನ್ನ ಮುಂದಿಟ್ಟು, "ನೋಡಿ, ಇದರಲ್ಲಿ ಹೋದ ವರ್ಷ ನಮಗೆ ಎಂಬತ್ತು ಸಾವಿರ ಲಾಭ ಬಂದಿದೆ. ಅದರಲ್ಲಿ ಇವಳ ಫೀಸು ಕಟ್ಟಿಬಿಡಿ" ಎಂದಳು.

ಫೀಸನ್ನು ಅವಳ ಅಣ್ಣನಿಂದ ಸಾಲ ತಂದು ಕಟ್ಟಿದೆವು. ಆಮೇಲೆ ನಾನು ಉಳಿ ಹಿಡಿದೆ.

ಮೊದಲು ನಮ್ಮ ದೊಮ್ಮಲೂರಿನಿಂದಲೇ ಆರಂಭಿಸಬೇಕೆಂದು ಆಸೆಯಿತ್ತು. ಇಲ್ಲಿನ ಚೊಕ್ಕನಾಥಸ್ವಾಮಿಯ ಗುಡಿ ಹಳೆಯದು. ಅದರ ಶಾಸನಗಳಲ್ಲಿ ಈ ಊರಿಗೆ ತೊಂಬಲೂರು ಎಂಬ ಹೆಸರೂ ದೇಶಿಮಾಣಿಕ್ಯಪಟ್ಟಣ ಎಂಬ ಹೆಸರೂ ಇವೆ. ಹೆಸರಿನಲ್ಲೇ ಪಟ್ಟಣವೆಂದಿರುವಾಗ ಇಲ್ಲಿ ಕೊಡುವ ಕೊಳ್ಳುವ ವ್ಯವಹಾರ ನಡೆದಿರಬೇಕು. ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಶಕುನವುಂಟೆ? ಆದರೆ ಅಕ್ಷರಗಳು ತಮಿಳಿನವು. ಬೋರ್ಡಿನ ಅಂಗಡಿಯವರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವರು ಗೋಡೆಯ ಮೇಲೆ ಬೆರಳಾಡಿಸಿ, ತಲೆ ಕೆರೆದುಕೊಂಡು, "ಇದು ನಮ್ಮ ತಾತನಿಗೂ ಬರಲ್ಲ ಸಾರ್" ಎಂದರು. ಇಬ್ಬರೂ ಕೈಮುಗಿದು ಹೊರಬಂದೆವು.

ಕೊನೆಗೆ ಗೊತ್ತುಮಾಡಿದ್ದು ಬೇಗೂರಿನ ಕಲ್ಲು. ಅಲ್ಲಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಗಂಗರ ಕಾಲದ, ಸುಮಾರು ಒಂಬತ್ತನೆಯ ಶತಮಾನದ ಕೊನೆಯ ಒಂದು ವೀರಗಲ್ಲಿದೆ. ಬೆಂಗಳೂರಿನಲ್ಲಿ ನಡೆದ ಒಂದು ಕಾಳಗದ ಮಾತು ಅದರಲ್ಲಿ ಬರುತ್ತದೆ. ವೀರಬಲ್ಲಾಳನಿಗೆ ಮುದುಕಿ ಬೆಂದ ಕಾಳು ಕೊಟ್ಟದ್ದರಿಂದ ಬೆಂದಕಾಳೂರು ಆಯಿತೆಂದು ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ್ದೇವೆ. ಬಲ್ಲಾಳ ಹನ್ನೆರಡನೆಯ ಶತಮಾನದವನು. ಅವನು ಹುಟ್ಟುವ ಮುನ್ನೂರು ವರ್ಷಕ್ಕೆ ಸ್ವಲ್ಪ ಕಡಿಮೆ ಕಾಲದ ಹಿಂದೆಯೇ ಯಾರೋ ಒಬ್ಬ ಕಲ್ಲುಕುಟಿಗ ಬೆಂಗಳೂರೆಂಬ ಹೆಸರನ್ನು ಕಡೆದಿಟ್ಟಿದ್ದ. ಈಚೆಗೆ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಬೆಂಗಳೂರು ಸುತ್ತಿನ ಶಾಸನಗಳನ್ನೆಲ್ಲ ಯಂತ್ರದಿಂದ ಸ್ಕ್ಯಾನ್ ಮಾಡಿಸುತ್ತಿರುವುದರಿಂದ, ಬರಿಗಣ್ಣಿಗೆ ಸವೆದು ಕಾಣುವ ಅಕ್ಷರಗಳೂ ಈಗ ತಿಳಿಯಾಗಿ ಸಿಕ್ಕುತ್ತವೆ. ನಾಲ್ಕಕ್ಷರಗಳನ್ನು ಕಾಗದದ ಮೇಲೆ ಇಳಿಸಿಕೊಂಡೆ.

ಅಚ್ಚಿಗೆ ಮರ ಕೊರೆಯುವ ಕಸುಬು ನನಗೆ ಬಾರದು. ಲಿನೋಲಿಯಂ ಎಂಬ ಮಿದುವಾದ ಹಾಳೆ ಚಿತ್ರಸಾಮಗ್ರಿಯ ಅಂಗಡಿಗಳಲ್ಲಿ ಸಿಕ್ಕುತ್ತದೆ. ಹಿಂದೆ ಶ್ರೀಮಂತರ ಮನೆಯ ನೆಲಕ್ಕೆ ಹಾಸುತ್ತಿದ್ದುದೇ ಅದು. ಅಕ್ಷರವನ್ನು ಉಳಿಸಿ ಸುತ್ತಲಿನದನ್ನು ಸಣ್ಣ ಉಳಿಯಿಂದ ಕೆತ್ತಿ ತೆಗೆಯಬೇಕು. ಕಬ್ಬಿಣದ ಪೆಟ್ಟಿಗೆಯನ್ನು ಸ್ವಲ್ಪ ಕಾಯಿಸಿ ಅದರ ಮೇಲೆ ಹಾಳೆಯನ್ನಿಟ್ಟರೆ ಉಳಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ. ಉಳಿಯ ಮುಂದೆ ಎಡಗೈ ಇಡಬಾರದು ಎಂಬುದು ಈ ವಿದ್ಯೆಯ ಮೊದಲ ಪಾಠ. ನಾನು ಅದನ್ನು ಎರಡನೆಯ ದಿನ ಕಲಿತೆ. ಬಣ್ಣ ಬಳಿದ ಅಚ್ಚನ್ನು ಬಟ್ಟೆಯ ಮೇಲೆ ಕವುಚಿ ಹಾಕಿ, ಸೌಟಿನ ಬೆನ್ನಿನಿಂದ ಒಂದೇ ಸಮನೆ ಉಜ್ಜಬೇಕು. ಒಣಗಿದ ಮೇಲೆ ಹಿಂಬದಿಯಿಂದ ಇಸ್ತ್ರಿ ಹಾಕಿದರೆ ಬಣ್ಣ ಹಿಡಿಯುತ್ತದೆ. ಚಿಕ್ಕಪೇಟೆಯಲ್ಲಿ ಬರಿಯ ಚೀಲ ಒಂದಕ್ಕೆ ನಲವತ್ತೈದರಂತೆ ನಲವತ್ತು ಚೀಲ ತಂದೆ. ಹಾಳೆ, ಉಳಿ, ಬಣ್ಣ ಸೇರಿ ಇನ್ನೊಂದು ಸಾವಿರದ ಮೇಲೆ. ಆ ತಿಂಗಳು ತಿದ್ದಿದ ಆತ್ಮಕಥೆಯೆಲ್ಲ ಇದಕ್ಕೇ ಹೋಯಿತು.

ಅಕ್ಟೋಬರಿನ ಒಂದು ಭಾನುವಾರ ಬೆಳಿಗ್ಗೆ ಆರು ಚೀಲಗಳನ್ನು ಒತ್ತಿ ಹಗ್ಗದ ಮೇಲೆ ಒಣಹಾಕಿ, ದೂರ ನಿಂತು ನೋಡಿದೆ. ಸೊಗಸಾಗಿತ್ತು. ಮಗಳು ಹಲ್ಲುಜ್ಜುತ್ತ ಬಂದು ಸ್ವಲ್ಪ ಹೊತ್ತು ನೋಡಿ, "ಅಪ್ಪಾ, ಇದು ಹಳಗನ್ನಡವೋ, ಹಳಗನ್ನಡಿಯೋ?" ಎಂದಳು. ಎದೆ ಧಸಕ್ಕೆಂದಿತು. ಅಚ್ಚಿನಲ್ಲಿ ಅಕ್ಷರವನ್ನು ತಿರುಗುಮುರುಗಾಗಿ ಕೊರೆಯಬೇಕೆಂಬುದು ನನಗೆ ತಿಳಿಯದ ವಿಷಯವಲ್ಲ. ಹಿಂದೆ ಮುದ್ರಣಾಲಯಗಳಲ್ಲಿ ಮೊಳೆ ಜೋಡಿಸುವವರು ಉಲ್ಟಾ ಅಕ್ಷರವನ್ನೇ ಸರಾಗವಾಗಿ ಓದುತ್ತಿದ್ದರೆಂದು ನಾನೇ ತರಗತಿಯಲ್ಲಿ ಹೇಳಿದ್ದೇನೆ. ತಿಳಿದದ್ದು ಕೈಗೆ ಇಳಿದಿರಲಿಲ್ಲ. ಹಳೆಯ ಶಾಸನಗಳ 'ಠ' ಬರಿಯ ಒಂದು ವೃತ್ತ, ಕನ್ನಡಿಯಲ್ಲೂ ಅದು ಠಕಾರವೇ. ನಮ್ಮೂರಿನ ಹೆಸರಿನಲ್ಲಿ ಅಂಥ ಒಂದಕ್ಷರವೂ ಇರಬಾರದೆ?

ಆ ಆರರಲ್ಲಿ ಒಂದನ್ನು ಪುಸ್ತಕ ತುಂಬಿಕೊಂಡು ಸಂಜೆಯ ಪಾಠಕ್ಕೆ ಒಯ್ದೆ. ಪುಣೆಯ ಕಡೆಯ ಹುಡುಗನೊಬ್ಬ ಅದನ್ನು ಬಹಳ ಮೆಚ್ಚಿಕೊಂಡು ಯಾವ ಭಾಷೆಯೆಂದು ಕೇಳಿದ. ಕನ್ನಡವೇ, ಆದರೆ ಉಲ್ಟಾ ಎಂದು ಸತ್ಯ ಹೇಳಿದೆ. ಹಾಗಾದರೆ ಇನ್ನೂ ಚೆನ್ನ ಎಂದು ಇನ್ನೂರು ರೂಪಾಯಿ ಕೊಟ್ಟು ತೆಗೆದುಕೊಂಡುಬಿಟ್ಟ. ನನ್ನ ಕಲೆಗೆ ಬಂದ ಮೊದಲ ಹಣ ತಪ್ಪಿಗೆ ಬಂತು. ಉಳಿದ ಐದರಲ್ಲಿ ನನ್ನಾಕೆ ತರಕಾರಿ ತರುತ್ತಾಳೆ.

ಅಚ್ಚನ್ನು ಮತ್ತೆ ಕೊರೆದು ಮೂವತ್ತನಾಲ್ಕು ಚೀಲ ಸರಿಯಾಗಿ ಒತ್ತಿದ ಮೇಲೆ ಬೆಲೆಯ ಪ್ರಶ್ನೆ ಬಂತು. ಕೊರೆಯುವುದಕ್ಕಿಂತ ಇದು ಕಷ್ಟ. ಫಲಕಕ್ಕೆ ಐವತ್ತು ಎಂದರೆ ಬೋರ್ಡಿನವರು ಗೊತ್ತುಮಾಡಿದ ದರ. ನನಗೆ ಅದರಲ್ಲಿ ಸಂಕೋಚವಿಲ್ಲ. ನನ್ನ ಕೈಯ ಕೆಲಸಕ್ಕೆ ನಾನೇ ಬೆಲೆ ಹೇಳುವುದೆಂದರೆ ನನಗೆ ನಾನೇ ಬಿನ್ನವತ್ತಳೆ ಬರೆದುಕೊಂಡಂತೆ. ಎಂಬತ್ತು ಸಾಕೆಂದೆ. "ನಿಮ್ಮ ಕೂಲಿ ಎಲ್ಲಿ ಹೋಯಿತು?" ಎಂದಳು ನನ್ನಾಕೆ. ಬಸ್ಸಿನ ಖರ್ಚು, ಬಣ್ಣ, ಇಸ್ತ್ರಿಯ ಕರೆಂಟು, ಕೊಯ್ದ ಬೆರಳಿಗೆ ಹಾಕಿದ ಪಟ್ಟಿ ಎಲ್ಲವನ್ನೂ ಕೂಡಿಸಿ ನೂರೈವತ್ತು ಎಂದಳು. ಕೊನೆಗೆ ನೂರಿಪ್ಪತ್ತೆಂದು ಚೀಟಿ ಬರೆದೆವು.

ಮಾರುವುದೆಲ್ಲಿ? ಚಿತ್ರಸಂತೆಗೆ ಮೊದಲೇ ಅರ್ಜಿ ಹಾಕಿಕೊಳ್ಳಬೇಕು. ಅಲ್ಲಿ ಚಿತ್ರಕಾರರ ನಡುವೆ ಚೀಲ ಹಿಡಿದು ನಿಲ್ಲುವ ಧೈರ್ಯವೂ ಬರಲಿಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿ ಎಂದಳು ಮಗಳು. ಪ್ಲಾಸ್ಟಿಕ್ ಬೇಡ, ಬಟ್ಟೆಯ ಚೀಲ ತನ್ನಿ ಎಂದು ಈಚಿನ ವರ್ಷಗಳಲ್ಲಿ ಅಲ್ಲಿ ಪ್ರಚಾರ ಮಾಡುತ್ತಿದ್ದಾರೆ. ಮನೆಯಿಂದ ಮರೆತು ಬಂದವರಿಗೆ ಕೊಳ್ಳದೆ ಗತಿಯಿಲ್ಲ. ಈ ಕಾಲದ ಮಕ್ಕಳಿಗೆ ವ್ಯಾಪಾರ ತಾನಾಗಿ ತಿಳಿಯುತ್ತದೆ.

2024ರಲ್ಲಿ ಕಾರ್ತಿಕದ ಕಡೆಯ ಸೋಮವಾರ ನವೆಂಬರ್ 25. ಹಿಂದಿನ ರಾತ್ರಿ ಒಂದು ಗಂಟೆಯವರೆಗೆ ಕೂತು ಒಂದು ಸಂಘಕ್ಕೆ ಏಳು ಬಿನ್ನವತ್ತಳೆ ಮುಗಿಸಿದ್ದೆ. ಮಧ್ಯಾಹ್ನದ ಮೇಲೆ ತರಗತಿಯಿರಲಿಲ್ಲ. ಗಂಟು ಕಟ್ಟಿಕೊಂಡು ಹಲಸೂರಿನಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ನ್ಯಾಷನಲ್ ಕಾಲೇಜಿನ ಹತ್ತಿರ ಇಳಿದು ನಡೆದೆ. ಬುಲ್ ಟೆಂಪಲ್ ರಸ್ತೆ ಜನದಲ್ಲಿ ಮುಳುಗಿತ್ತು. ಹಸಿ ಕಡಲೆಕಾಯಿ, ಹುರಿದದ್ದು, ಬೇಯಿಸಿದ್ದು, ಗುಡ್ಡೆ ಗುಡ್ಡೆ. ಬತ್ತಾಸು, ಪೀಪಿ, ಬಳೆ. ದೊಡ್ಡ ಬಸವಣ್ಣನಿಗೆ ಮೊದಲ ಬೆಳೆ ಒಪ್ಪಿಸುವ ರೈತರ ಹರಕೆಯಿಂದ ಆರಂಭವಾದ ಪರಿಷೆ ಎನ್ನುತ್ತಾರೆ. ಆ ದಿನ ಬಸವಣ್ಣನ ದರ್ಶನಕ್ಕಂತೂ ನನಗೆ ಬಿಡುವಾಗಲಿಲ್ಲ. ಚಿಂತಾಮಣಿಯ ಕಡೆಯ ಒಬ್ಬ ಮುದುಕಿ ತನ್ನ ಗೋಣಿಯ ತುದಿಯನ್ನು ಮಡಿಚಿ ಮೂರಡಿ ಜಾಗ ಬಿಟ್ಟುಕೊಟ್ಟಳು. ಚೀಲಗಳನ್ನು ಹರಡಿ ಕುಳಿತೆ.

ಅರ್ಧ ಗಂಟೆ ಯಾರೂ ನಿಲ್ಲಲಿಲ್ಲ. "ಕೂಗು ಸಾಮಿ. ಸುಮ್ಕೆ ಕುಂತ್ರೆ ಯಾರ್ ಬತ್ತಾರೆ?" ಎಂದಳು ಮುದುಕಿ. ಅರವತ್ತು ಹುಡುಗರ ತರಗತಿಯಲ್ಲಿ ಧ್ವನಿವರ್ಧಕವಿಲ್ಲದೆ ಪಂಪನನ್ನು ಪಾಠ ಮಾಡುವ ನನ್ನ ಗಂಟಲು 'ಚೀಲ' ಎಂಬ ಎರಡಕ್ಷರಕ್ಕೆ ಏಳಲೊಲ್ಲದು. ಗಳಗನಾಥರ ನೆನಪಾಯಿತು. ಅವರೂ ಮಾಸ್ತರಿಕೆ ಮಾಡಿದವರು. ಕಾದಂಬರಿ ಬರೆದು, ಅಚ್ಚು ಹಾಕಿಸಿ, ಹೊರೆ ಹೊತ್ತು ಊರೂರು ಅಲೆದು ಮಾರಿದವರು. ಪ್ರತಿ ವರ್ಷವೂ ಅವರ ಹೊರೆಯ ಭಾರವನ್ನು ಹುಡುಗರಿಗೆ ಬಣ್ಣಿಸಿ ಹೇಳಿ ನಾನೇ ಕಣ್ಣು ತೇವ ಮಾಡಿಕೊಳ್ಳುತ್ತೇನೆ. ಮೊದಲ ಊರಿನ ಮೊದಲ ಜಗಲಿಯ ಮುಂದೆ ನಿಂತು ಬೆಲೆ ಹೇಳುವಾಗ ಅವರ ಗಂಟಲು ಹೇಗಿತ್ತೋ, ಅದನ್ನು ಒಮ್ಮೆಯೂ ಯೋಚಿಸಿರಲಿಲ್ಲ.

ಅಂತೂ ಒಬ್ಬರು ನಿಂತು ಇದೇನೆಂದು ಕೇಳಿದರು. ಬೇಗೂರಿನ ಕಲ್ಲು, ಗಂಗರು, ಬೆಂದಕಾಳಿನ ಕಥೆ ಎಲ್ಲ ಹೇಳಿದೆ. ಹತ್ತು ಹನ್ನೆರಡು ಜನ ಸೇರಿದರು. "ಎಷ್ಟು ಚೆನ್ನಾಗಿ ಹೇಳ್ತೀರಿ!" ಎಂದು ಮೆಚ್ಚಿ, ಎಲ್ಲರೂ ಕಡಲೆಕಾಯಿ ಕೊಳ್ಳುವುದಕ್ಕೆ ಹೋದರು. ಮುದುಕಿಗೆ ಒಳ್ಳೆಯ ವ್ಯಾಪಾರವಾಯಿತು. ಆಮೇಲೆ ನಾನು ಗಂಗರನ್ನು ಕೈಬಿಟ್ಟೆ. ನೂರಿಪ್ಪತ್ತು ನೂರಾಯಿತು, ಒಬ್ಬ ಹೆಂಗಸಿಗೆ ಎಂಬತ್ತಾಯಿತು. ದೀಪ ಹತ್ತುವ ಹೊತ್ತಿಗೆ ಎಂಟು ಹೋಗಿದ್ದುವು.

ಆಗಲೇ ಎದುರಿಗೆ, "ಸಾರ್! ನೀವಾ?" ಎಂಬ ದನಿ ಕೇಳಿತು. ನಮ್ಮ ಕಾಲೇಜಿನ ಎರಡನೆಯ ವರ್ಷದ ಹುಡುಗಿ, ಜೊತೆಗೆ ಅವಳ ತಾಯಿ. ನಾನು ಚಕ್ಕಳಮಕ್ಕಳ ಹಾಕಿಕೊಂಡು ಕಾಲುದಾರಿಯಲ್ಲಿ ಕುಳಿತಿದ್ದೇನೆ. ಮೈಮೇಲೆ ಮುದುಕಿಯ ಕಡಲೆಕಾಯಿಯ ಸಿಪ್ಪೆ. ಏಳಬೇಕೋ ಕೂತಿರಬೇಕೋ ತಿಳಿಯಲಿಲ್ಲ. "ಒಬ್ಬ ಸ್ನೇಹಿತರದಮ್ಮ, ಊಟಕ್ಕೆ ಹೋಗಿದ್ದಾರೆ. ಸ್ವಲ್ಪ ಹೊತ್ತು ನೋಡಿಕೊಳ್ಳುತ್ತಿದ್ದೇನೆ" ಎಂದುಬಿಟ್ಟೆ. ಮಾತು ಬಾಯಿಂದ ಹೊರಟಮೇಲೆ ಅದರ ನುಣುಪು ಕಂಡು ನನಗೇ ಆಶ್ಚರ್ಯವಾಯಿತು. ಹುಡುಗಿ ಚೀಲವನ್ನು ಬೆಳಕಿಗೆ ಹಿಡಿದು, "ಯಾರು ಸಾರ್ ಮಾಡಿದ್ದು? ತುಂಬಾ ಚೆನ್ನಾಗಿದೆ" ಎಂದು ಒಂದು ಕೊಂಡಳು. ನೂರು ಎಂದೆ. ತಾಯಿ ನಮಸ್ಕಾರ ಮಾಡಿದರು, ಹೋದರು.

ಮುದುಕಿ ಸೇರಿಗೆ ಕಾಯಿ ತುಂಬುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು. "ಯಾಕ್ ಸಾಮಿ, ಕದ್ದ ಮಾಲಾ?"

ಆಮೇಲೆ ಇನ್ನೆರಡು ಹೋದುವು. ಎಂಟೂವರೆಗೆ ಗಂಟು ಕಟ್ಟಿದೆ. ಮುದುಕಿ ಒಂದು ಚೀಲವನ್ನು ಎಳೆದಿಟ್ಟುಕೊಂಡು, ದುಡ್ಡಿಗೆ ಬದಲು ಎರಡು ಸೇರು ಕಾಯಿಯನ್ನೂ ಮೇಲೊಂದು ಬೊಗಸೆ ಕೊಸರನ್ನೂ ನನ್ನ ಚೀಲವೊಂದಕ್ಕೆ ಸುರಿದಳು. ಚೌಕಾಸಿ ಮಾಡದೆ ಪೂರ್ತಿ ಬೆಲೆ ಕೊಟ್ಟವಳು ಪರಿಷೆಯಲ್ಲಿ ಅವಳೊಬ್ಬಳೇ.

ಮನೆಯಲ್ಲಿ ಕಾಯಿ ಬೇಯುತ್ತಿರುವಾಗ ನನ್ನಾಕೆ ಲೆಕ್ಕ ಬರೆದುಕೊಂಡಳು. ಹಾಕಿದ್ದರಲ್ಲಿ ಅರ್ಧವೂ ಹಿಂದಿರುಗಿರಲಿಲ್ಲ. ಇಪ್ಪತ್ತೆರಡು ಚೀಲ ಉಳಿದಿದ್ದುವು. ಹುಡುಗಿಯ ವಿಷಯವನ್ನು ನಾನು ಹೇಳಲಿಲ್ಲ. 'ಸ್ನೇಹಿತರು' ಮಾತ್ರ ರಾತ್ರಿಯೆಲ್ಲ ನನ್ನೊಡನೆ ಮಲಗಿದ್ದರು.

ಮರುದಿನ ಹನ್ನೊಂದು ಗಂಟೆಗೆ ಆ ತರಗತಿ. ಎರಡನೆಯ ಸಾಲಿನ ಬೆಂಚಿನ ತುದಿಯಲ್ಲಿ ಒಂಬತ್ತನೆಯ ಶತಮಾನದ ಬೆಂಗಳೂರು ತೂಗಾಡುತ್ತಿತ್ತು; ಒಳಗೆ ಟಿಫನ್ ಡಬ್ಬಿ. ಪಾಠದ ಉದ್ದಕ್ಕೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಹಾಜರಿ ಮುಗಿಸಿ ಎಲ್ಲರೂ ಏಳುವಾಗ ಅವಳನ್ನು ಕರೆದು, "ನೋಡಮ್ಮ, ಆ ಚೀಲ ಮಾಡಿದವನು ನಾನೇ" ಎಂದೆ.

"ಗೊತ್ತು ಸಾರ್. ನಿಮ್ಮ ಉಗುರಿನಲ್ಲಿ ಬಣ್ಣ ಇತ್ತಲ್ಲ" ಎಂದಳು. ಆಮೇಲೆ, "ನಮ್ಮ ದೊಡ್ಡಮ್ಮನಿಗೆ ಇನ್ನೆರಡು ಬೇಕಂತೆ. ಎಷ್ಟು ಸಾರ್?"

"ನೂರಿಪ್ಪತ್ತು" ಎಂದೆ.